ಪದ ಬೇಕು: ‘ಸೆಟ್ ಡಾನ್ಸಿಂಗ್’ (ಸ್ವಲ್ಪ ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ.

ಡಬ್ಲಿನ್ನಿನ ಕನ್ನಡದ ಮನೆಗಳಿಗೆ ಹಂಚಲು ಒಂದು ಕರಪತ್ರ ಮಾಡುತ್ತಿದ್ದೇವೆ. ಇಲ್ಲಿನ ಹಾಲ್‌ನಲ್ಲಿ ಐರಿಶ್ ಸಂಗೀತ, ಸೆಟ್ ಡಾನ್ಸಿಂಗ್ ಹೇಳಿಕೊಡುತ್ತಾರೆ, ಬಂದು ಕಲಿಯಿರಿ ಅಂತ. ಸಂಜೆಯೊಳಗೆ ಪ್ರಿಂಟಿಗೆ ಕೊಡಬೇಕು. ನಾಲ್ಕು ಜೋಡಿ ಚೌಕವಾಗಿ ಎದುರುಬದುರು ನಿಂತು ಕುಣಿಯುತ್ತಾರೆ, ಒಂದು ಭಾಗ ಮುಗಿದರೆ ಸ್ವಲ್ಪ ನಿಂತು ಮುಂದಿನದು. ‘ಸಮೂಹ ನೃತ್ಯ’ ಅಂದರೆ ಶಾಲೆಯ ವಾರ್ಷಿಕೋತ್ಸವ ನೆನಪಾಗುತ್ತದೆ. ಇನ್ನೊಂದು, ‘ಪ್ರಿಸರ್ವ್ ಅಂಡ್ ಸಪೋರ್ಟ್’ ಅನ್ನುವುದಕ್ಕೆ ‘ಸಂರಕ್ಷಣೆ ಮತ್ತು ಬೆಂಬಲ’ ಅಂತ ಬರೆದೆ, ಅರಣ್ಯ ಇಲಾಖೆಯ ಬೋರ್ಡ್ ಥರ ಆಯಿತು. ದಯವಿಟ್ಟು ಬೇಗ ಹೇಳಿ.

ಸು.

*

ಎರಡನೆಯದು ಪ್ರಶ್ನೆಯೇ ಅಲ್ಲ. ಉಳಿಸಿ ಬೆಳೆಸುವುದು. ಮುಗೀತು.

ಮೊದಲನೆಯದಕ್ಕೆ ‘ಕೇಳಿ’ ಅನ್ನಿ. ಐರಿಶರ ಕುಣಿತದ ಕೂಟಕ್ಕೆ ಕೇಲಿ ಅಂತಲೇ ಹೆಸರು. ನಮ್ಮಲ್ಲೂ ಕೇಳಿ ಅಂದರೆ ಆಟ, ಮೂಡಲಪಾಯ ಯಕ್ಷಗಾನದವರು ತಮ್ಮ ಆಟಕ್ಕೆ ಕೇಳಿಕೆ ಅನ್ನುವುದೂ ಇದರಿಂದಲೇ. ಐರಿಶ್, ಸಂಸ್ಕೃತ ಒಂದೇ ಬಳಗದ ಭಾಷೆಗಳು, ಮೂಲ ಒಂದೇ ಇರಬೇಕು. ಸಿದ್ಧ ಪದ ಇರುವಾಗ ಹೊಸದು ಹೊಸೆಯುವುದು ಯಾಕೆ?

ಕೆ.

*

ಇಲ್ಲ. ಅವರ ಕೇಲಿ ಬಂದದ್ದು ಹಳೆ ಐರಿಶಿನ ‘ಕೇಲೆ’ಯಿಂದ, ಅಂದರೆ ಜೊತೆಗಾರ. ಸಂಜೆ ನೆರೆಮನೆಗೆ ಹರಟೆಗೆ ಹೋಗುವುದು ಕೇಲಿ ಆಗಿತ್ತು, ಕುಣಿತದ ಅರ್ಥ ಆಮೇಲೆ ಸೇರಿತು. ಸದ್ದು ಒಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಹುಟ್ಟುವುದಿಲ್ಲ.

ಅದು ಬಿಡಿ, ಕೇಲಿ ಕುಣಿತ ಬೇರೆ, ಸೆಟ್ ಬೇರೆ. ಸೆಟ್‌ಗಳು ಫ್ರಾನ್ಸಿನ ಚೌಕದ ಕುಣಿತ ಕ್ವಾಡ್ರಿಲ್‌ನಿಂದ 19ನೇ ಶತಮಾನದಲ್ಲಿ ಬಂದವು. ಹಳ್ಳಿಯವರು ಅವಕ್ಕೆ ತಮ್ಮ ರೀಲು, ಜಿಗ್ಗು, ಪೋಲ್ಕಾ ಧಾಟಿಗಳನ್ನು ಹಾಕಿಕೊಂಡು ತಮ್ಮದೇ ಮಾಡಿಕೊಂಡರು. ಐರಿಶ್ ನುಡಿ ಉಳಿಸಲು 1893ರಲ್ಲಿ ಹುಟ್ಟಿದ ಗೇಲಿಕ್ ಲೀಗ್‌ನವರಿಗೆ ಮಾತ್ರ ಇವು ಪರದೇಶಿ ಅನ್ನಿಸಿ, ಬದಲಿಗೆ ‘ಅಪ್ಪಟ’ ಅಂತ ಬೆಳೆಸಿದ್ದೇ ಕೇಲಿ ಕುಣಿತಗಳನ್ನು. ಸೆಟ್ ಕಲಿಸುವ ಹಾಲ್‌ನ ಬಾಗಿಲಿಗೆ ಕೇಳಿ ಅಂತ ಬರೆದರೆ ಸೆಟ್ ಬಿಡದ ಪಶ್ಚಿಮದ ಕ್ಲೇರ್ ಕೌಂಟಿಯ ಹಿರಿಯರು ನಗುತ್ತಾರೆ.

ನನ್ನ ವೋಟು ‘ಚೌಕ ಕುಣಿತ’ಕ್ಕೆ.

ರಾ.

*

ಚೌಕ ಕನ್ನಡವೇ? ಚತುಷ್ಕದ ತದ್ಭವ. ‘ನಾಲ್ಕೆಣೆ ಕುಣಿತ’ ಅನ್ನಿ. ಎಣೆ ಅಂದರೆ ಜೋಡಿ. ಎಣೆವಕ್ಕಿ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೊ.

*

ಎಣೆವಕ್ಕಿ ಗೊತ್ತಿರುವವರು ಡಬ್ಲಿನ್ನಿನಲ್ಲಿ ಎಷ್ಟು ಮಂದಿ ಸರ್? ನಾವೇ ನಾಲ್ಕು ಜನ ಇಲ್ಲಿ ಕೂತು ಜಗಳ ಆಡುತ್ತಿದ್ದೇವೆ.

ಕ್ವಾಡ್ರಿಲ್‌ನ ಬೇರು ಲ್ಯಾಟಿನ್ನಿನ ‘ನಾಲ್ಕು’. ಅದು ಸಂಸ್ಕೃತದ ಚತುರ್‌ನ ಒಡಹುಟ್ಟು. ಅಂದರೆ ಕ್ವಾಡ್ರಿಲ್, ಚೌಕ ಎರಡೂ ದಾಯಾದಿಗಳು, ಇದಕ್ಕಿಂತ ಒಪ್ಪುವ ಪದ ಎಲ್ಲಿ ಸಿಗುತ್ತದೆ? ಅಪ್ಪಟ ಬೇಕು ಅಂತ ಹೊರಟ ಲೀಗ್‌ನವರು ಜನ ಕುಣಿಯುತ್ತಿದ್ದ ಕುಣಿತವನ್ನೇ ಹೊರಗಿಟ್ಟರು. ನೀವು ಮಾಡುತ್ತಿರುವುದೂ ಅದನ್ನೇ.

ರಾ.

*

ಅನುಕೂಲಕ್ಕೆ ತಕ್ಕ ಇತಿಹಾಸ. ಪೆಟ್ಟು ಕೊಟ್ಟದ್ದು ಲೀಗ್ ಒಂದೇ ಅಲ್ಲ, 1935ರ ಡಾನ್ಸ್ ಹಾಲ್ ಕಾಯ್ದೆ. ಲೈಸೆನ್ಸ್ ಇಲ್ಲದೆ ಸಾರ್ವಜನಿಕವಾಗಿ ಕುಣಿಯಬಾರದು ಅಂತ ಬಂದ ಮೇಲೆ, ಪಾದ್ರಿಗಳೂ ಪೊಲೀಸರೂ ಅದನ್ನು ಹಿಡಿದುಕೊಂಡು ಮನೆಮನೆಯ ಅಡುಗೆಮನೆ ಕುಣಿತದ ಮೇಲೂ ಬಿದ್ದರು. ಮತ್ತೆ ಅದೇ ಲೀಗ್ ಇರದಿದ್ದರೆ ಐರಿಶ್ ನುಡಿಗೆ ಶಾಲೆಯಲ್ಲಿ ಈ ಜಾಗ ಸಿಗುತ್ತಿತ್ತೇ? ತನ್ನದು ಯಾವುದು, ತಂದದ್ದು ಯಾವುದು ಅಂತ ಕೇಳುವವರೇ ಇಲ್ಲದಿದ್ದರೆ ಉಳಿಸುವುದಾದರೂ ಏನನ್ನು?

ಹೊ.

*

ಜನ ಕುಣಿಯುತ್ತಿರುವುದನ್ನು! ಸಂಗೀತಗಾರರ ಸಂಘ ಕೋಲ್ಟಸ್ 1951ರಲ್ಲಿ ಮಲ್ಲಿಂಗಾರ್‌ನಲ್ಲಿ ಶುರುವಾಗಿ ಹಾಡು, ವಾದ್ಯ, ಸ್ಪರ್ಧೆ ಎಲ್ಲವನ್ನೂ ಎತ್ತಿ ಹಿಡಿಯಿತು ನಿಜ. ಆದರೆ ಸೆಟ್ ಜೀವ ಹಿಡಿದುಕೊಂಡಿದ್ದು ಕ್ಲೇರ್, ಕೆರ್ರಿ ಕಡೆಯ ಹಳ್ಳಿಗಳಲ್ಲಿ. 1973ರಿಂದ ಮಿಲ್‌ಟೌನ್ ಮಾಲ್‌ಬೇಯಲ್ಲಿ ಪೈಪ್ ವಾದಕ ವಿಲ್ಲಿ ಕ್ಲಾನ್ಸಿ ಹೆಸರಿನ ಬೇಸಿಗೆ ಶಾಲೆ ನಡೆಯುತ್ತಿದೆ, 1980ರ ದಶಕದಲ್ಲಿ ಅಲ್ಲಿಂದಲೂ ಸೆಟ್ ಮತ್ತೆ ಊರೂರಿಗೆ ಹರಡಿತು. ಈಗ ಅದನ್ನು ಫ್ರೆಂಚರದು ಅಂದು ನೋಡಿ, ಏನು ಉತ್ತರ ಬರುತ್ತದೆ ಅಂತ.

ರಾ.

*

ಸ್ವಲ್ಪ ನಿಲ್ಲಿಸಿ. ಸು. ಅವರೇ, ‘ಸೆಟ್’ ಅನ್ನು ಹಾಗೇ ಇಡಿ. ಸೆಟ್ ದೋಸೆ ತಿಂದ ಯಾರಿಗೂ ಆ ಪದ ಹೊಸದಲ್ಲ. ಆದರೆ ‘ಸೆಟ್ ಡಾನ್ಸ್’ ಅಂತ ಮಾತ್ರ ಬೇಡ. ಮಕ್ಕಳನ್ನು ಸ್ಟೆಪ್ ಡಾನ್ಸ್ ಕ್ಲಾಸಿಗೆ ಕಳಿಸುವ ಅಮ್ಮಂದಿರಿಗೆ ಅದರ ಅರ್ಥವೇ ಬೇರೆ. ಗೊತ್ತುಪಡಿಸಿದ ಒಂದು ಧಾಟಿಗೆ ಒಬ್ಬರೇ ಕುಣಿಯುವ ಸ್ಪರ್ಧೆಯ ಕುಣಿತ ಅದು. ತಪ್ಪು ತಿಳಿದು ಮಗುವನ್ನು ಕರೆದುಕೊಂಡು ಬಂದುಬಿಡುತ್ತಾರೆ. ‘ಸೆಟ್ ಕುಣಿತ’ ಅಂತ ಹಾಕಿ, ಕೆಳಗೆ ಒಂದು ಸಾಲು ವಿವರಣೆ ಕೊಡಿ.

ವಿ.

*

ಆಗಲಿ. ‘ಸೆಟ್ ಕುಣಿತ: ನಾಲ್ಕು ಜೋಡಿ, ಒಂದು ಚೌಕ. ಐರಿಶ್ ಸಂಗೀತ, ಕುಣಿತ ಉಳಿಸಿ ಬೆಳೆಸೋಣ, ಬನ್ನಿ.’ ಪ್ರಿಂಟಿಗೆ ಹೋಯಿತು. ಹೊ. ಅವರು ಚೌಕಕ್ಕೆ ಕ್ಷಮಿಸಬೇಕು.

ಅರ್ಜೆಂಟ್ ಇಲ್ಲದ ಇನ್ನೊಂದು ಪದ: ಕ್ಲೇರ್‌ನವರು ಕುಣಿಯುತ್ತಾ ಕಾಲಲ್ಲಿ ನೆಲ ಬಡಿದು ತಾಳ ಹುಟ್ಟಿಸುತ್ತಾರಲ್ಲ, ಅದಕ್ಕೆ ‘ಬ್ಯಾಟರಿಂಗ್’ ಅನ್ನುತ್ತಾರೆ. ನಾವು ಏನನ್ನಬಹುದು?

ಸು.

*

ಮೆಟ್ಟು.

ಹೊ.

*

ಮೆಟ್ಟು ಅಂದರೆ ಚಪ್ಪಲಿ ಸರ್. ‘ತಟ್ಟು’.

ರಾ.