‘ಪರಕೀಯತೆ’ ಬದಲು ‘ಎರವಾಗುವುದು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಓದುಗರ ಕೂಟ ಇದೆ. ಅಲ್ಲಿ ಓದುವುದಕ್ಕೆ ಮಾರ್ಕ್ಸ್ ಬಗೆಗಿನ ಒಂದು ಉಪನ್ಯಾಸವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ವಾರದಿಂದ ನಿಂತಿದ್ದೇನೆ: ‘ಏಲಿಯನೇಶನ್’. ದುಡಿಯುವವನಿಗೆ ತನ್ನ ದುಡಿಮೆಯೇ ತನ್ನದಲ್ಲದಂತಾಗುವುದು ಅಂತ ಅದರ ಅರ್ಥ. ನಮ್ಮಲ್ಲಿ ರೂಢಿಯಲ್ಲಿರುವುದು ‘ಪರಕೀಯತೆ’. ‘ಅನ್ಯೀಕರಣ’ ಅಂತಲೂ ಕೆಲವರು ಬರೆಯುತ್ತಾರೆ.

ಬರೆದಿದ್ದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ಇಲ್ಲಿನ ಕಾಟನ್ ಮಿಲ್ಲೊಂದರಲ್ಲಿ ನೂಲುವ ಕಡೆ ದುಡಿದವರು. ಮೊದಲು ಬದಲಿ ಕೆಲಸಗಾರ, ಆಮೇಲೆ ಕಾಯಂ. ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ ಅದು. ಕಮ್ಯುನಿಸ್ಟ್ ಪಕ್ಷದ ಶಾಸಕರಾಗಿದ್ದ ಪಂಪಾಪತಿ ಅವರ ಭಾಷಣಗಳನ್ನು ಎದುರಿಗೆ ನಿಂತು ಕೇಳಿದವರು. ನನ್ನ ವಾಕ್ಯ ಹೀಗಿತ್ತು: ‘ಕಾರ್ಮಿಕನು ತನ್ನ ಶ್ರಮದಲ್ಲಿ ಪರಕೀಯತೆಯನ್ನು ಅನುಭವಿಸುತ್ತಾನೆ.’ ದೊಡ್ಡಪ್ಪ ತಡೆದರು. ‘ಪರಕೀಯರು ಅಂದ್ರೆ ಬ್ರಿಟಿಷರಲ್ವೇನಪ್ಪಾ? ನಾವು ಇದೇ ಊರಿನೋರು.’

ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲೇ ಎಳೆ ಹೊಸೆದು ತೋರಿಸಿದರು. ‘ನೂಲು ಹರಿಯೋದು, ಹಿಂಗೆ ಕೂಡಿಸೋದು. ಪಾಳಿ ಮುಗಿಯೋ ತನಕ ಇದೇ. ಆ ನೂಲು ಯಾವೂರಿಗೆ ಹೋಯ್ತು, ಯಾರ ಮೈಮೇಲೆ ಬಟ್ಟೆಯಾಯ್ತು, ಏನೂ ಗೊತ್ತಿಲ್ಲ. ದುಡಿದೋನು ನಾನು. ನನ್ನ ದುಡಿಮೆಗೆ ನಾನೇ ಎರವಾದೆ.’

ಆ ಮಾತು ಕೇಳಿದ ಮೇಲೆ ‘ಪರಕೀಯತೆ’ ಬರೆಯಲು ನನಗೆ ಕೈ ಬರುತ್ತಿಲ್ಲ.

ಮಾರ್ಕ್ಸ್ ಇದನ್ನು ವಿಸ್ತಾರವಾಗಿ ಬರೆದದ್ದು 1844ರಲ್ಲಿ, ಪ್ಯಾರಿಸ್‌ನಲ್ಲಿ. ಆಗ ಅವನಿಗೆ 26 ವರ್ಷ. ಆ ಹಸ್ತಪ್ರತಿ ಪೂರ್ತಿಯಾಗಿ ಅಚ್ಚಾಗಿದ್ದು 1932ರಲ್ಲಿ, ಅವನು ತೀರಿಕೊಂಡು ಸುಮಾರು ಅರ್ಧ ಶತಮಾನ ಆದಮೇಲೆ. ಅದರಲ್ಲಿ ಎರಡು ಜರ್ಮನ್ ಪದ ಬರುತ್ತವೆ. ಒಂದು ‘ಎಂಟ್‌ಫ್ರೆಮ್‌ಡುಂಗ್’. ಅದರ ಒಳಗಿರುವ ‘ಫ್ರೆಮ್ಡ್’ ಅಂದರೆ ಬೇರೆಯವರದ್ದು, ಗುರುತಿಲ್ಲದ್ದು. ಇನ್ನೊಂದು ‘ಎಂಟ್‌ಆಯ್ಸರುಂಗ್’. ತನ್ನದನ್ನು ಹೊರಗೆ ಹಾಕುವುದು, ಬಿಟ್ಟುಕೊಡುವುದು ಅಂತ ಅರ್ಥ. ಆಸ್ತಿಯ ಹಕ್ಕು ಬಿಟ್ಟುಕೊಡುವುದಕ್ಕೂ ಅದೇ ಪದ. ಇಂಗ್ಲಿಷಿನ ಪದಕ್ಕೂ ಈ ಆಸ್ತಿಯ ಅರ್ಥ ಇದೆ. ನಮ್ಮ ಕಂದಾಯದ ಕಾಗದಗಳಲ್ಲಿ ಅದಕ್ಕೆ ‘ಪರಭಾರೆ’ ಅನ್ನುತ್ತೇವೆ. ಮಂಜೂರಾದ ಜಮೀನನ್ನು ಇಷ್ಟು ವರ್ಷ ಪರಭಾರೆ ಮಾಡಕೂಡದು ಅಂತ ಷರತ್ತು ಇರುತ್ತದೆ, ಅಲ್ವಾ? ಅಲ್ಲಿ ಒಂದೇ ಪದದಲ್ಲಿರುವ ಎರಡು ಅರ್ಥ ಕನ್ನಡದಲ್ಲಿ ಎರಡು ಕಡೆ ಹಂಚಿಹೋಗಿದೆ. ಮನಸ್ಸಿನದು ‘ಪರಕೀಯತೆ’ಗೆ, ಆಸ್ತಿಯದು ‘ಪರಭಾರೆ’ಗೆ.

ನನ್ನ ತಕರಾರು ಇಲ್ಲೇ ಇರುವುದು. ಪರಕೀಯತೆ ಅಂದ ಕೂಡಲೇ ಅದೊಂದು ಬೇಸರ, ಒಂಟಿತನ ಅನ್ನಿಸಿಬಿಡುತ್ತದೆ. ಮಾರ್ಕ್ಸ್ ಹೇಳಿದ್ದು ಬರೀ ಬೇಸರವನ್ನಲ್ಲ, ನಡೆದ ಒಂದು ಸಂಗತಿಯನ್ನು. ಮಾಡಿದ ವಸ್ತು ಕೈಬಿಟ್ಟು ಹೋಗುತ್ತದೆ. ಮಾಡುವ ಕೆಲಸ ತನ್ನದಾಗಿ ಉಳಿಯುವುದಿಲ್ಲ. ಮನುಷ್ಯ ಅನ್ನಿಸಿಕೊಳ್ಳುವ ಗುಣವೇ ದೂರ ಸರಿಯುತ್ತದೆ. ಕೊನೆಗೆ ಪಕ್ಕದವನೂ ಬೇರೆಯವನಾಗುತ್ತಾನೆ. ಈ ನಾಲ್ಕೂ ‘ಎರವಾಗು’ ಒಳಗೆ ಹಿಡಿಸುತ್ತವೆ ಅಂತ ನನಗೆ ಅನ್ನಿಸುತ್ತದೆ: ಸರಕಿಗೆ ಎರವಾದ, ಕೆಲಸಕ್ಕೆ ಎರವಾದ, ತನಗೇ ಎರವಾದ, ಜೊತೆಯವರಿಗೆ ಎರವಾದ. ‘ತಾಯಿಯ ಪ್ರೀತಿಗೆ ಎರವಾದ ಮಗು’ ಅಂತ ಬರೆಯುತ್ತೇವಲ್ಲ, ಅದೇ ಜಾಡು.

ಇನ್ನೊಂದು ಕಾರಣಕ್ಕೂ ಈ ಪದ ನನಗೆ ಹಿಡಿಸಿದೆ. ಎರವು ಅಂದರೆ ಸಾಲ ತಂದದ್ದು, ಮರಳಿ ಕೊಡಬೇಕಾದದ್ದು. ಪರಭಾರೆಯಾದ ಜಮೀನು ಹೋಯಿತು ಅಂತಲೇ ಲೆಕ್ಕ. ಎರವು ಹೋದದ್ದಕ್ಕೆ ವಾಪಸು ಬರುವ ದಾರಿ ಇದೆ. ಆ ಹಸ್ತಪ್ರತಿಯಲ್ಲಿ ಕಮ್ಯುನಿಸಂ ಅಂದರೆ ಮನುಷ್ಯ ತನ್ನ ಕಡೆಗೆ ಮರಳಿ ಬರುವುದು ಅನ್ನುವ ಮಾತೇ ಇದೆ.

ಸೋವಿಯತ್ ಒಕ್ಕೂಟ 1991ರಲ್ಲಿ ಮುಗಿಯಿತು, ಈ ವಿಚಾರ ಮುಗಿಯಲಿಲ್ಲ. ಅದಕ್ಕೂ ಮೊದಲೇ, 1960ರ ದಶಕದಲ್ಲಿ, ಯುಗೊಸ್ಲಾವಿಯಾದ ‘ಪ್ರಾಕ್ಸಿಸ್’ ಪತ್ರಿಕೆಯ ಚಿಂತಕರು ಇದೇ ಪದ ಹಿಡಿದು, ಸಮಾಜವಾದಿ ಅನ್ನಿಸಿಕೊಂಡ ಸರ್ಕಾರಗಳಲ್ಲೂ ದುಡಿಯುವವನಿಗೆ ಹೀಗೇ ಆಗುತ್ತಿಲ್ಲವೇ ಅಂತ ಕೇಳಿದರು. ಈಗ ಅದು ಊಟ ತಲುಪಿಸುವ ಹುಡುಗರ ಮಾತಲ್ಲೂ ಕೇಳಿಸುತ್ತಿದೆ. ವಿದ್ಯಾನಗರದಲ್ಲಿ ನನಗೆ ಪರಿಚಯದ ಒಬ್ಬ ಹುಡುಗ ಇದ್ದಾನೆ. ಯಾವ ಆರ್ಡರ್, ಎಷ್ಟು ಹೊತ್ತು, ಎಷ್ಟು ದುಡ್ಡು, ಎಲ್ಲ ಫೋನೇ ಹೇಳುತ್ತದೆ. ‘ಗಾಡಿ ನಂದು, ಪೆಟ್ರೋಲ್ ನಂದು, ಕೆಲಸ ಮಾತ್ರ ನಂದಲ್ಲ’ ಅಂದ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿದೆ, ಒಳ್ಳೆಯದೇ. ಅದು ಸಾಮಾಜಿಕ ಭದ್ರತೆಯ ಮಾತು. ಅವನು ಹೇಳಿದ್ದು ಅದಕ್ಕಿಂತ ಒಳಗಿನದು.

ತೊಡಕು ಇಲ್ಲದೇ ಇಲ್ಲ. ‘ಜೀವಕ್ಕೆ ಎರವಾದ ಗುಂಡಿ’ ಅಂತ ಪೇಪರಿನಲ್ಲಿ ಬಂದಾಗ ಕಳೆದುಕೊಂಡದ್ದು ಗುಂಡಿಯಲ್ಲ, ಕಿತ್ತುಕೊಂಡದ್ದು ಗುಂಡಿ. ಹಾಗಾದರೆ ‘ದುಡಿಮೆಗೆ ಎರವಾದವನು’ ಅಂದರೆ ದುಡಿಮೆ ಕೆಡಿಸಿದವನು ಅಂತ ಯಾರಾದರೂ ಓದಿಕೊಂಡಾರೇ? ಎರಡನೆಯದು, ನಾಮಪದ. ‘ಎರವು’ ಅಂತ ಬರೆದರೆ ಸಾಲದ ಅರ್ಥವೇ ಮುಂದೆ ಬರುತ್ತದೆ. ‘ಎರವಾಗುವಿಕೆ’ ಉದ್ದ ಆಯಿತು. ‘ಎರವಾಗು’ ಅಂತ ಕ್ರಿಯಾಪದವಾಗಿಯೇ ಉಳಿಸಿಕೊಂಡು ವಾಕ್ಯ ಕಟ್ಟೋಣ ಅಂತ ನಾನು ಅಂದುಕೊಂಡಿದ್ದೇನೆ. ಶೀರ್ಷಿಕೆಯಲ್ಲಿ ಮಾತ್ರ ಏನು ಹಾಕಲಿ?

ಹಳಗನ್ನಡ ಬಲ್ಲವರು ಈ ಪದದ ಹಳೆಯ ಬಳಕೆ ತೋರಿಸಿದರೆ ಉಪಕಾರ. ಗೋಕಾಕ, ಹುಬ್ಬಳ್ಳಿ ಕಡೆ ಮಿಲ್ಲಿನಲ್ಲಿ ದುಡಿದವರ ಮನೆಯವರು ಇಲ್ಲಿದ್ದರೆ, ನಿಮ್ಮ ಹಿರಿಯರು ಇದಕ್ಕೆ ಏನು ಅನ್ನುತ್ತಿದ್ದರು ಅಂತ ಕೇಳಿ ತಿಳಿಸಿ.