ದಾರಿಬದಿ ವೀರಗಲ್ಲು, ಹುಡೇವು, ಹಳೇ ವಾಡೆ: ಫೋಟೋ ಹ್ಯಾಂಗ ತಗೀಬೇಕು?

ಪ್ರಶ್ನೆ: ಡಿಸೆಂಬರ್ ನಡುವಿನ ವಾರ ಕಾರಿನಾಗ ವಿಜಯಪುರದಿಂದ ಹೊರಟು ಐಹೊಳೆ, ಪಟ್ಟದಕಲ್ಲು, ಬಾದಾಮಿ, ಗೋಕಾಕ ನೋಡಿ ಬೆಳಗಾವಿ ಮುಟ್ಟೋ ವಿಚಾರ ಅದ. ದೊಡ್ಡ ಸ್ಮಾರಕದ ಜೋಡಿ ದಾರಿಯ ಊರುಗಳ ಅಗಸಿ (ಊರ ಹೆಬ್ಬಾಗಿಲು), ಹುಡೇವು (ಕಾವಲಿನ ಬುರುಜು), ವಾಡೆ (ಹಳೇ ದೊಡ್ಡ ಮನಿ), ಹೊಲದ ಬದುವಿನ ವೀರಗಲ್ಲು ಇವುಗಳ ಫೋಟೋನೂ ಬೇಕು. ಇರೋದು 18-55 ಲೆನ್ಸಿನ ಹಳೇ ಡಿಎಸ್‌ಎಲ್‌ಆರ್, ಒಂದು 50 ಎಂಎಂ ಲೆನ್ಸ್, ಮತ್ತ ಫೋನು. ಕಟ್ಟಡ ಹಿಂದಕ್ಕ ವಾಲಿದಂಗ ಬರ್ತಾವ, ಕೆತ್ತನೆ ಚಪ್ಪಟೆ ಕಾಣ್ತದ. ತಿಳಿದವರು ಹೇಳ್ರಿ.

ಎರಿಮಣ್ಣು, ವಿಜಯಪುರ: ವಾಲೋದಕ್ಕ ಕಾರಣ ಒಂದ ರೀ, ಕ್ಯಾಮೆರಾದ ಮುಖ ಮ್ಯಾಲ ಎತ್ತೋದು. ಮಟ್ಟಾಗಿ ಹಿಡಿದ್ರ ಗೋಡೆ ನೆಟ್ಟಗ ನಿಲ್ತಾವ, ಆದ್ರ ಚೌಕಟ್ಟಿನ ಕೆಳಗಿನ ಅರ್ಧ ಬರೇ ನೆಲಕ್ಕ ಹೋಗ್ತದ. ಅದಕ್ಕ ದೂರ ಬೇಕು. ನಿಮ್ಮ ಕ್ಯಾಮೆರಾ ಉದ್ದಕ ಹಿಡಿದು 18 ಎಂಎಂ ಇಟ್ರ ಲೆಕ್ಕ ಹಿಂಗ: ಕಟ್ಟಡದ ಎತ್ತರದ ಒಂದೂವರೆ ಪಟ್ಟು ದೂರ ನಿಲ್ರಿ. ನಮ್ಮ ವಿಜಯಪುರದ ಉಪ್ಪಲಿ ಬುರುಜು ಸುಮಾರು 24 ಮೀಟರ್, ಅಂದ್ರ 36 ಮೀಟರ್ ಹಿಂದ. ಗೋಳಗುಮ್ಮಟ 50 ಮೀಟರ್ ದಾಟ್ತದ, 80 ಮೀಟರ್ ಹಿಡೀರಿ. ಅಷ್ಟು ಜಾಗ ಸಿಗದಿದ್ರ ಸ್ವಲ್ಪ ಎತ್ತಿ ತಗೊಂಡು ಆಮ್ಯಾಲ ಸ್ನ್ಯಾಪ್‌ಸೀಡ್‌ನಾಗೋ ಲೈಟ್‌ರೂಮ್‌ನಾಗೋ ನೇರ ಮಾಡ್ರಿ. ನೇರ ಮಾಡುವಾಗ ಅಂಚು ಕತ್ತರಿಸಿ ಹೋಗ್ತಾವ, ಅದಕ್ಕ ಎರಡೂ ಬದಿಗೆ ಐದನೇ ಒಂದು ಪಾಲು ಖಾಲಿ ಬಿಟ್ಟಿರಬೇಕು. ಬಿಗಿಯಾಗಿ ತೆಗೆದ ಫೋಟೋ ನೇರ ಮಾಡಾಕ ಹೋದ್ರ ಮಿನಾರದ ತುದೀನ ಹೋಗ್ತದ. ಫೋನಿನ 0.5 (ಅಗಲ ನೋಟದ) ಲೆನ್ಸ್ ಇಲ್ಲಿನ ಬಾರಾ ಕಮಾನದಂಥ ಸಾಲು ಕಮಾನಿನ ಜಾಗಕ್ಕ ಆಸೆ ಹುಟ್ಟಿಸ್ತದ, ಆದ್ರ ಅಂಚಿನ ಕಮಾನು ಎಳೆದಂಗ ಆಗ್ತಾವ. 1ಎಕ್ಸ್‌ನಾಗ ಮೂರು ನಾಕು ತಗೊಂಡು ಜೋಡ್ಸೋದು ಛಲೋ.

ಕೆಂಪುಕಲ್ಲು, ಬಾದಾಮಿ: ಚಪ್ಪಟೆ ಕಾಣುವುದು ಲೆನ್ಸಿನ ದೋಷವಲ್ಲ, ಬಿಸಿಲಿನ ದಿಕ್ಕಿನದು. ಡಿಸೆಂಬರ್ ಅಂದಿದ್ದೀರಿ, ಇದು ಬಹಳ ಮುಖ್ಯ. ಆ ತಿಂಗಳು ನಮ್ಮ ಕಡೆ ಸೂರ್ಯ ಹುಟ್ಟುವುದು ಆಗ್ನೇಯಕ್ಕೆ ಸರಿದು, ಮುಳುಗುವುದು ನೈಋತ್ಯಕ್ಕೆ ಸರಿದು. ನಡು ಮಧ್ಯಾಹ್ನವೂ ನೆತ್ತಿಗೆ ಬರುವುದಿಲ್ಲ, ದಕ್ಷಿಣದಲ್ಲಿ ಸುಮಾರು 50 ಡಿಗ್ರಿ ಎತ್ತರಕ್ಕೆ ನಿಲ್ಲುತ್ತದೆ. ಹಾಗಾಗಿ ದಕ್ಷಿಣದ ಗೋಡೆಗೆ ಇಡೀ ದಿನ ಬಿಸಿಲು, ಉತ್ತರದ ಗೋಡೆಗೆ ಒಂದು ನಿಮಿಷವೂ ಇಲ್ಲ. ಉತ್ತರ ಗೋಡೆಯ ಮೇಲೆ ನೇರ ಬಿಸಿಲು ಬೇಕಿದ್ದರೆ ಮೇ, ಜೂನ್‌ನಲ್ಲಿ ಬರಬೇಕು.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಪೂರ್ವಾಭಿಮುಖ. ಎಲ್ಲರೂ ಬೆಳಿಗ್ಗೆ ಮುಂಭಾಗ ತೆಗೆದು ಹೋಗುತ್ತಾರೆ. ಆದರೆ ಚಳಿಗಾಲದ ಬೆಳಗಿನ ಮೊದಲ ತಾಸು ಅದರ ದಕ್ಷಿಣ ಗೋಡೆಗೆ ಬಿಸಿಲು ಓರೆಯಾಗಿ ಬೀಳುತ್ತದೆ, ಜಾಲಂಧ್ರಗಳೂ (ಕಲ್ಲಿನ ಜಾಲರಿ ಕಿಟಕಿ) ಮೂರ್ತಿಗಳೂ ಎದ್ದು ಬರುವುದು ಆಗಲೇ. ಹತ್ತು ಗಂಟೆಯ ಮೇಲೆ ಅದೇ ಗೋಡೆ ಸಪ್ಪೆ. ಬಾದಾಮಿ ಗುಹೆಗಳು ಉತ್ತರಕ್ಕೆ ಮುಖ ಮಾಡಿವೆ, ಅಲ್ಲಿ ಬಿಸಿಲಿಗಾಗಿ ಕಾಯುವುದು ವ್ಯರ್ಥ. ಹೊರಗಿನಿಂದ ಪ್ರತಿಫಲಿಸಿ ಬರುವ ಬೆಳಕು ಮೆತ್ತಗಿರುತ್ತದೆ, ಐಎಸ್‌ಒ 1600, ಎಫ್/4, 1/30ರ ಸುಮಾರಿಗೆ ಕೈಯಲ್ಲೇ ಹಿಡಿದು ತೆಗೆಯಬಹುದು. ಮಧ್ಯಾಹ್ನದ ಹೊತ್ತನ್ನು ಗುಹೆಗೆ ಇಟ್ಟುಕೊಂಡು, ಪಶ್ಚಿಮಕ್ಕೆ ಮುಖವಿರುವ ಭೂತನಾಥ ಗುಡಿಗೆ ನಾಲ್ಕರ ಮೇಲೆ ಹೋಗಿ. ಸೂರ್ಯಾಸ್ತದವರೆಗೆ ಕಾಯಬೇಡಿ, ಗುಡ್ಡದ ನೆರಳು ಮೊದಲೇ ಇಳಿಯುತ್ತದೆ.

ಇನ್ನೊಂದು, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಇಲ್ಲಿನ ಮರಳುಗಲ್ಲಿನ ಕೆಂಪನ್ನು ತಪ್ಪೆಂದು ತಿಳಿದು ತೊಳೆದುಹಾಕುತ್ತದೆ. ಬಿಸಿಲಿನಲ್ಲಿ 5200 ಕೆಲ್ವಿನ್‌ಗೆ ಕಟ್ಟಿಹಾಕಿ.

ಘಟಪ್ರಭಾ ದಂಡೆ: ವೀರಗಲ್ಲಿಗೆ ಸೂರ್ಯನ ಮ್ಯಾಲೆ ಅವಲಂಬಿಸಬ್ಯಾಡ್ರಿ. ಅವು ಬೇವಿನ ಗಿಡದ ಕೆಳಗೋ ಹಣಮಪ್ಪನ ಗುಡಿ ಗೋಡೆಗೋ ಒರಗಿರ್ತಾವ, ನಿಮಗ ಬೇಕಾದ ಬೆಳಕು ಬರೋದಿಲ್ಲ. ಬೇಕಾದ್ದು ಒಂದು ಎಲ್‌ಇಡಿ ಟಾರ್ಚ್, ಒಂದು ಕಪ್ಪು ಕಂಬಳಿ, ಕಂಬಳಿ ಹಿಡಿಯೋಕೆ ಇಬ್ಬರು. ಕಂಬಳಿಯಿಂದ ಕಲ್ಲಿಗೆ ನೆರಳು ಮಾಡಿ, ಕ್ಯಾಮೆರಾ ಕಲ್ಲಿನ ನಡುಮಟ್ಟಕ್ಕೆ ಇಡಿ. ನಾಲ್ಕು ಅಡಿ ಕಲ್ಲಿಗೆ 50 ಎಂಎಂನಲ್ಲಿ ಮೂರು ಮೀಟರ್ ದೂರ ಸಾಕು. ಟಾರ್ಚನ್ನು ಕಲ್ಲಿನ ಮೈಗೆ 10-15 ಡಿಗ್ರಿ ಓರೆಯಲ್ಲಿ, ಒಂದು ಮೀಟರ್ ದೂರದಿಂದ ಹಾಯಿಸಬೇಕು. ಹತ್ತಿರ ಹಿಡಿದರೆ ಒಂದು ಅಂಚು ಬೆಳ್ಳಗೆ ಸುಟ್ಟು ಇನ್ನೊಂದು ಅಂಚು ಕತ್ತಲು. ಕ್ಯಾಮೆರಾ ಕದಲಿಸದೆ ಎಡದಿಂದ, ಬಲದಿಂದ, ಮೇಲಿನಿಂದ ಒಂದೊಂದು ತೆಗೀರಿ. ಎಡದ ಬೆಳಕಿನಲ್ಲಿ ಕಾಣದ ಕತ್ತಿ ಬಲದ ಬೆಳಕಿನಲ್ಲಿ ಕಾಣ್ತದ.

ಕ್ಯಾಮೆರಾದ ನೆತ್ತಿಯ ಫ್ಲ್ಯಾಶ್ ಮಾತ್ರ ಬೇಡ, ಎದುರಿನಿಂದ ಬಡಿದು ಇದ್ದ ಉಬ್ಬನ್ನೂ ಅಳಿಸುತ್ತದೆ. ಬಿಡಿ ಫ್ಲ್ಯಾಶ್ ಇದ್ದರೆ ನೆರಳಿನಲ್ಲಿ ಐಎಸ್‌ಒ 100, ಎಫ್/8, 1/200 ಇಡಿ, ಸುತ್ತಲಿನ ಬೆಳಕು ಅಡಗಿ ಫ್ಲ್ಯಾಶಿನದ್ದಷ್ಟೇ ಉಳಿಯುತ್ತದೆ. ಎರಡೂ ಇಲ್ಲದಿದ್ದರೆ ಒಂದೂವರೆ ಅಡಿಯ ಕನ್ನಡಿ. ಬಿಸಿಲಿನಲ್ಲಿ ನಿಂತು ನೆರಳಿನ ಕಲ್ಲಿಗೆ ಪಕ್ಕದಿಂದ ಬೆಳಕು ಹಾಯಿಸಬಹುದು, ರಸ್ತೆಯ ಕಡೆ ತಿರುಗದಂಗ ನೋಡ್ಕೊಳ್ರಿ.

ಮೂರು ಹಂತದ ಕಲ್ಲಾದರೆ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ ಚಂದ್ರ. ಕಾಳಗದ ಹಂತ ಬಹಳ ಕಡೆ ಮಣ್ಣಿನಲ್ಲಿ ಹೂತಿರ್ತದ. ಅಗೆಯೋದು ನಿಮ್ಮ ಕೆಲಸ ಅಲ್ಲ, ಇದ್ದಷ್ಟು ತೆಗೀರಿ.

ಮುಧೋಳ ರಸ್ತೆ: ಅಕ್ಷರ ಇದ್ರ ನೀರು ಹೊಡೀರಿ, ಇಲ್ಲಾಂದ್ರ ಸುಣ್ಣದಕಡ್ಡಿ ಉಜ್ಜಿದ್ರ ಚಂದ ಕಾಣ್ತಾವಲ್ಲ?

ಘಟಪ್ರಭಾ ದಂಡೆ: ಸುಣ್ಣದಕಡ್ಡಿ ಬ್ಯಾಡ್ರಿ ಅಣ್ಣಾರ. ಅದು ಕಲ್ಲಿನ ರಂಧ್ರಕ್ಕಿಳಿದರೆ ಬರೋದಿಲ್ಲ, ಸವೆದ ಅಕ್ಷರವನ್ನು ಊಹೆಯಿಂದ ತುಂಬಿದಂಗ ಆಗ್ತದ. ಮುಂದೆ ಓದುವವರು ಶಾಸನ ಬಿಟ್ಟು ನಮ್ಮ ಗೀಟು ಓದ್ತಾರ. ಹಿಟ್ಟು, ರಂಗೋಲಿ, ಇದ್ದಿಲು ಇವಕ್ಕೂ ಇದೇ ಮಾತು. ನೀರು ಹೊಡೆದರೆ ಕಪ್ಪು ಕಲ್ಲು ಹೊಳೆದು ಅಕ್ಷರ ಇನ್ನೂ ಮರೆಯಾಗ್ತದ. ಎಣ್ಣೆ ಹಚ್ಚಿ ಪೂಜೆ ಮಾಡೋ ಕಲ್ಲಿಗೆ ಸಿಪಿಎಲ್ ಫಿಲ್ಟರ್ (ಹೊಳಪು ತಡೆಯೋ ಪೋಲರೈಸರ್ ಗಾಜು) ಹಾಕಿ ತಿರುಗಿಸಿ ನೋಡ್ರಿ, ಹೊಳಪು ಇಳಿಯುತ್ತದೆ. ಒಂದೂವರೆ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರ ಬೆಳಕು ಅರ್ಧ) ಬೆಳಕು ತಿನ್ನೋದು ಲೆಕ್ಕದಾಗಿರಲಿ. ಪ್ರತಿ ಕಲ್ಲಿಗೂ ಒಂದು ಫೋಟೋದಲ್ಲಿ ಶಾಲೆಯ 30 ಸೆಂಟಿಮೀಟರ್ ಸ್ಕೇಲು ಇರಲಿ. ಮರೆತಿದ್ದರೆ ಹತ್ತು ರೂಪಾಯಿ ನಾಣ್ಯ, ಅಡ್ಡಳತೆ 27 ಮಿಲಿಮೀಟರ್. ಆಮೇಲೆ ಹತ್ತು ಹೆಜ್ಜೆ ಹಿಂದೆ ಬಂದು ಗುಡಿ, ಗಿಡ, ರಸ್ತೆ ಸೇರಿಸಿ ಒಂದು. ರಸ್ತೆ ಅಗಲ ಮಾಡುವಾಗ ಕಲ್ಲು ಎತ್ತಿಟ್ಟರೆ ಅದು ಎಲ್ಲಿತ್ತು ಅನ್ನೋದಕ್ಕೆ ಆ ಫೋಟೋ ಒಂದೇ ಸಾಕ್ಷಿ.

ಎರಿಮಣ್ಣು, ವಿಜಯಪುರ: ಹುಡೇವಿನ ಬಗ್ಗೆ ಯಾರೂ ಹೇಳಲಿಲ್ಲ. ಹೊರಗ ಕಲ್ಲು, ಒಳಗ ಮಣ್ಣು ತುಂಬಿದ ಕಟ್ಟಡ ಅದು. ಮಳಿ ನೀರು ಒಳಗಿಳಿದು ಮಣ್ಣು ಉಬ್ಬಿದ್ರ ಹೊರಗಿನ ಕಲ್ಲು ಬಸುರಾದಂಗ ಮುಂದ ಬರ್ತಾವ. ಉಬ್ಬು ಕಂಡಲ್ಲಿ ಕೆಳಗ ನಿಲ್ಲಬ್ಯಾಡ್ರಿ, ಮ್ಯಾಲ ಏರಬ್ಯಾಡ್ರಿ, ಎತ್ತರದಷ್ಟು ದೂರ ಇರ್ರಿ. ಪಾಳು ಕಮಾನಿನ ಒಳಗ ಕಾಲಿಡೋ ಮೊದಲ ಮ್ಯಾಲ ನೋಡ್ರಿ, ಹೆಜ್ಜೇನು ಇರ್ತಾವ.

ಇನ್ನ ಊರವರ ವಿಚಾರ. ಸಂಜಿಕ ಟಾರ್ಚು, ಟೇಪು ಹಿಡಕೊಂಡು ಹೊಲದ ಕಲ್ಲಿನ ಸುತ್ತ ಅಡ್ಡಾಡಿದ್ರ ನಿಧಿಗಳ್ಳರು ಅಂತನ ತಿಳೀತಾರ, ತಪ್ಪೂ ಅಲ್ಲ. ಟಾರ್ಚಿನ ಕೆಲಸ ಹಗಲಾಗ ಕಂಬಳಿ ನೆರಳಿನ್ಯಾಗ ಮುಗಿಸ್ರಿ. ಮೊದಲ ಅಗಸಿ ಕಟ್ಟಿಮ್ಯಾಲ ಕುಂತ ಹಿರ್ಯಾರಿಗೆ "ಫೋಟೋ ತಗೀಲೇನ್ರೀ ಯಜಮಾನ್ರ" ಅಂತ ಕೇಳ್ರಿ, ಅವರ ಬಂದು ತೋರಸ್ತಾರ. ವಾಡೆ ಅಂದ್ರ ಮಂದಿ ಇರೋ ಮನಿ. ಬಾಗಿಲು ತನಕ ಸರಿ, ಪಡಸಾಲಿಗೆ ಕರದ್ರ ಮಾತ್ರ, ದೇವರ ಕೋಲಿ ಫೋಟೋ ಬ್ಯಾಡ. ವಾಡೆ ಬಾಗಿಲಿನ ಕೆತ್ತನೆಗೆ ಕ್ಯಾಮೆರಾ ಬಾಗಿಲಿನ ಅರ್ಧ ಎತ್ತರಕ್ಕ ಇಡ್ರಿ, ಒಳಗ ಕತ್ತಲಿ ಹೊರಗ ಬೆಳಕು ಇರೋದ್ರಿಂದ ಎರಡು ಸ್ಟಾಪ್ ಹೆಚ್ಚು, ಎರಡು ಕಡಿಮಿ, ಒಂದು ಸರಿ, ಹಿಂಗ ಮೂರು ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೋಟೋ) ತಗೋರಿ, ಆಮ್ಯಾಲ ಜೋಡಸಬಹುದು.

ಕೆಂಪುಕಲ್ಲು, ಬಾದಾಮಿ: ಎಎಸ್‌ಐ (ಕೇಂದ್ರದ ಪುರಾತತ್ವ ಇಲಾಖೆ) ಸ್ಮಾರಕಗಳಲ್ಲಿ ಟ್ರೈಪಾಡ್‌ಗೂ ಡ್ರೋನ್‌ಗೂ ಮೊದಲೇ ಅನುಮತಿ ಬೇಕು. ಬಾಗಿಲಲ್ಲಿ ಕೇಳಿ ಆಗುವ ಕೆಲಸವಲ್ಲ, ಟ್ರೈಪಾಡ್ ಮನೆಯಲ್ಲೇ ಬಿಡಿ. ಆಲಮಟ್ಟಿಯಲ್ಲಿ ಅಣೆಕಟ್ಟು, ವಿದ್ಯುತ್ ಘಟಕದ ಕಡೆ ಕ್ಯಾಮೆರಾ ತಿರುಗಿಸಬೇಡಿ. ಬೆಳಗಾವಿ ಕೋಟೆಯೊಳಗೆ 1204ರ ಕಮಲ ಬಸದಿ ನೋಡಲೇಬೇಕು, ಆದರೆ ಸುತ್ತ ಸೈನ್ಯದ ನೆಲೆಯಿದೆ, ಕಾವಲಿನವರನ್ನು ಕೇಳಿಯೇ ಕ್ಯಾಮೆರಾ ತೆಗೆಯಿರಿ. ಬಸದಿಯ ಮಂಟಪದ ಚಾವಣಿಯಿಂದ ಇಳಿಬಿದ್ದ ಕಮಲಕ್ಕೆ ಫೋನನ್ನು ನೆಲದ ಮೇಲೆ ಅಂಗಾತ ಇಟ್ಟು, ಸೆಲ್ಫಿ ಕ್ಯಾಮೆರಾದಲ್ಲಿ ಮೂರು ಸೆಕೆಂಡ್ ಟೈಮರ್ ಹಾಕಿದರೆ ಟ್ರೈಪಾಡ್ ನೆನಪಾಗುವುದಿಲ್ಲ.

ಪ್ರಶ್ನೆ ಕೇಳಿದವರು: ಹಿನ್ನೀರಿನ್ಯಾಗ ಮುಳುಗಿದ ಗುಡಿ ಕಾಣ್ತಾವ ಅಂತಾರಲ್ಲ, ಈ ಸಲ ಆಗ್ತದೇನ್ರಿ?

ಘಟಪ್ರಭಾ ದಂಡೆ: ಡಿಸೆಂಬರ್‌ನಾಗ ಇಲ್ಲ. ಹಿಡಕಲ್ ಜಲಾಶಯದ ಹುನ್ನೂರಿನ ವಿಠ್ಠಲ ಗುಡಿ ಬೇಸಿಗೆಯಲ್ಲಿ ನೀರು ಇಳಿದ ಮೇಲೇನೇ ಕಾಣ್ತದ. ಏಪ್ರಿಲ್, ಮೇದಲ್ಲಿ ಬಂದರೂ ಬಿರಿದ ಒಣ ಹೂಳನ್ನು ನಂಬಬೇಡ್ರಿ. ಮೇಲೆ ಗಟ್ಟಿ, ಕೆಳಗೆ ಮೊಣಕಾಲುಮಟ್ಟ ಕೆಸರು. ದನದ ಹೆಜ್ಜೆ ಇದ್ದಲ್ಲೇ ನಡೀರಿ.

ಮುಧೋಳ ರಸ್ತೆ: ಕಬ್ಬಿನ ಸೀಜನ್ ಅದ, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದ ಲೈಟಿಲ್ಲದ ಓಡ್ತಾವ. ಕತ್ತಲಾಗೂದರಾಗ ಊರು ಸೇರ್ರಿ. ಮಳಿ ಬಿದ್ದಿದ್ರ ಡಾಂಬರು ಬಿಟ್ಟು ಎರಿ ಮಣ್ಣಿಗೆ ಗಾಲಿ ಇಳಸಬ್ಯಾಡ್ರಿ. ಲೆನ್ಸ್ ಬದಲಿಸೋದು ಕಾರಿನೊಳಗ, ಕಿಟಕಿ ಮುಚ್ಚಿ, ಎಸಿ ಫ್ಯಾನ್ ಬಂದ್ ಮಾಡಿ. ಧೂಳನ್ನ ಬಾಯಿಲೆ ಊದಬ್ಯಾಡ್ರಿ, ರಬ್ಬರ್ ಬ್ಲೋವರ್ ಇರಲಿ. ಹೊರಡೋ ಮೊದಲ ಕ್ಯಾಮೆರಾ ಗಡಿಯಾರ ಫೋನಿಗೆ ಸರಿ ಹೊಂದಸ್ರಿ, ಜಾಗದ ಗುರುತು ಫೋನಿನ ಫೋಟೋದಾಗ ಇರ್ತದ, ವ್ಯಾಳ್ಯಾ ನೋಡಿ ಎರಡನ್ನೂ ಜೋಡಸಬಹುದು. ಮತ್ತ ಆ ಫೋಟೋ ವಾಟ್ಸಾಪ್‌ನಾಗ ಹಂಗ ಕಳಿಸಿದ್ರ ಜಾಗದ ಗುರುತು ಅಳಿಸಿ ಹೋಗ್ತದ, ಡಾಕ್ಯುಮೆಂಟ್ ಮಾಡಿ ಕಳಸ್ರಿ.