ಹಿರಿಯರಿಗೆ ಸಿನಿಮಾ ಹಾಡು ಕೇಳುವ ತರಗತಿ: ಯಾರಾದರೂ ನಡೆಸಿದ್ದೀರಾ?

ಪ್ರಶ್ನೆ, ಮೈಸೂರಿನಿಂದ:

ನಮ್ಮ ಬಡಾವಣೆಯಲ್ಲಿ ನಿವೃತ್ತರ ಒಂದು ಬಳಗ ಇದೆ. ಹೆಚ್ಚಿನವರು 60 ದಾಟಿದವರು. ಕರೋಕೆ ಆಗಲೇ ಜೋರಾಗಿ ನಡೆಯುತ್ತಿದೆ. ಆದರೆ ಕೆಲವರಿಗೆ ಹಾಡುವುದಕ್ಕಿಂತ ಕೇಳುವುದು ಇಷ್ಟ. ಹಳೇ ಕನ್ನಡ ಸಿನಿಮಾ ಹಾಡುಗಳನ್ನು ಸರಿಯಾಗಿ ಕೇಳೋದು ಹೇಗೆ, ಅದರೊಳಗೆ ಏನೇನಿದೆ ಅಂತ ತಿಳ್ಕೋಬೇಕು ಅನ್ನೋ ಆಸೆ. ವಾರಕ್ಕೊಂದು ತರಗತಿ ಮಾಡಿ ಅಂತ ನನಗೆ ವಹಿಸಿದ್ದಾರೆ. ನಾನು ಬ್ಯಾಂಕಿನಲ್ಲಿದ್ದವಳು, ರಾಗ ತಾಳ ಕಲಿತಿಲ್ಲ. ಎಲ್ಲಿಂದ ಶುರು ಮಾಡಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ:

ಮೇಡಂ, ರಾಗ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಂಥದ್ದೇ ಒಂದು ಗುಂಪು ನಡೆಸಿಕೊಂಡು ಬರುತ್ತಿದ್ದೇನೆ. ಮೊದಲು ಹೇಳಬೇಕಾದ್ದು ಇದು: ಒಂದು ದಿನಕ್ಕೆ ಎರಡು ಹಾಡು ಸಾಕು. ಮೂರಾದರೆ ಜಾಸ್ತಿಯೇ.

ಯಾಕೆ ಅಂದರೆ ನಮ್ಮ ವಯಸ್ಸಿನವರಿಗೆ ಈ ಹಾಡುಗಳೆಲ್ಲ ಬಾಯಿಪಾಠ. ತೊಂದರೆ ಇರೋದೇ ಅಲ್ಲಿ. ಪಲ್ಲವಿ ಶುರುವಾದ ಕೂಡಲೇ ಮನಸ್ಸು ತಾನೇ ಹಾಡಿಕೊಂಡು ಮುಂದೆ ಓಡಿಬಿಡುತ್ತದೆ, ಯಾವ ಕಾಲೇಜು, ಯಾವ ಟಾಕೀಸು, ಯಾರ ಜೊತೆ ನೋಡಿದ್ದು ಅಂತ ಎಲ್ಲೆಲ್ಲೋ ಹೋಗುತ್ತದೆ, ಎದುರಿಗೆ ನುಡಿಯುತ್ತಿರುವ ಹಾಡು ಮಾತ್ರ ಕಿವಿಗೆ ಬೀಳೋದೇ ಇಲ್ಲ. ಅದಕ್ಕೇ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿ. ಪ್ರತಿ ಸಲ ಕಿವಿಗೆ ಒಂದೇ ಕೆಲಸ ಕೊಡಿ. ಮೊದಲ ಸಲ ಸುಮ್ನೆ ಕೇಳಲಿ. ಆಮೇಲೆ ಗಾಯಕರ ದನಿ ಬಿಟ್ಟು ಹಿಂದಿನ ವಾದ್ಯಗಳನ್ನು ಮಾತ್ರ ಕೇಳಲಿ. ಮುಂದಿನ ಸಲ ತೊಡೆ ತಟ್ಟುತ್ತಾ ತಾಳ ಹಿಡಿಯಲಿ. ಪಲ್ಲವಿಗೂ ಚರಣಕ್ಕೂ ನಡುವೆ ಬರುವ ಮ್ಯೂಸಿಕ್ಕನ್ನು ಕೊನೆಗೆ ಬೇರೆಯಾಗಿ ಹಾಕಿ. ಎರಡು ಚರಣಗಳ ಹಿಂದೆ ಒಂದೇ ಬಿಟ್ ಬರುತ್ತದಾ, ಬೇರೆ ಬೇರೆಯಾ? ಈ ಒಂದು ಪ್ರಶ್ನೆಗೇ ನಮ್ಮಲ್ಲಿ ಜೋರು ಚರ್ಚೆ ಆಗುತ್ತದೆ.

ಇನ್ನೊಂದು ನಿಯಮ. ಬರೀ "ಚೆನ್ನಾಗಿದೆ" ಅಂದರೆ ಒಪ್ಪಬೇಡಿ. ಎಲ್ಲಿ ಚೆನ್ನಾಗಿದೆ, ಯಾವ ಪದದ ಮೇಲೆ, ಅಂತ ಕೇಳಿ. ಆ ಜಾಗ ಹುಡುಕಿ ಮತ್ತೆ ಹಾಕಿ.

ಶುರು ಮಾಡೋಕೆ ನಾನಾದರೆ ನಾಗರಹಾವು ತಗೋತೀನಿ. 1972ರದ್ದು, ವಿಜಯಭಾಸ್ಕರ್ ಸಂಗೀತ. "ಬಾರೆ ಬಾರೆ ಚೆಂದದ ಚೆಲುವಿನ ತಾರೆ" ಹಾಡಿದ್ದು ಪಿ.ಬಿ. ಶ್ರೀನಿವಾಸ್. "ಹಾವಿನ ದ್ವೇಷ ಹನ್ನೆರಡು ವರುಷ" ಎಸ್.ಪಿ. ಬಾಲಸುಬ್ರಹ್ಮಣ್ಯಂ. ಎರಡಕ್ಕೂ ತೆರೆ ಮೇಲೆ ತುಟಿ ಆಡಿಸಿದ್ದು ಒಬ್ಬರೇ ವಿಷ್ಣುವರ್ಧನ್. ಒಬ್ಬನೇ ಹುಡುಗನ ಪ್ರೀತಿಗೆ ಒಂದು ಕಂಠ, ಸಿಟ್ಟಿಗೆ ಇನ್ನೊಂದು ಕಂಠ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ, ಆದರೂ ಬೆನ್ನುಬೆನ್ನಿಗೆ ಹಾಕಿ ಕೇಳಿದಾಗ ನಮ್ಮ ಗುಂಪು ತಬ್ಬಿಬ್ಬಾಯಿತು. ಪಿಬಿಎಸ್ ಎಷ್ಟು ಮೆತ್ತಗೆ ಸಾಲು ಮುಗಿಸುತ್ತಾರೆ, ಎಸ್‌ಪಿಬಿ ಪದವನ್ನು ಹೇಗೆ ಒತ್ತಿ ಹೊರಗೆ ಹಾಕುತ್ತಾರೆ ನೋಡಿ. ಗುಂಪಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಯಾವತ್ತೂ ಮಾತಾಡದವರು, ಅವತ್ತು "ಇವರು ಉಸಿರು ಎಲ್ಲಿ ತಗೊಂಡರು ಅಂತ ಗೊತ್ತೇ ಆಗಲಿಲ್ಲ, ಪಿಬಿಎಸ್ ಹಾಡು ಇನ್ನೊಮ್ಮೆ ಹಾಕಿ" ಅಂದರು. ಉಸಿರಿನ ಜಾಗ ಹುಡುಕೋಕೆ ಅಂತಲೇ ಮತ್ತೆ ಕೇಳಿದೆವು. ನನಗೆ ತರಗತಿ ಅಂದರೆ ಅದೇ.

ಸ್ವಲ್ಪ ಪಳಗಿದ ಮೇಲೆ 1966ರ ಸಂಧ್ಯಾರಾಗಕ್ಕೆ ಹೋಗಿ. ಅನಕೃ ಕಾದಂಬರಿಯ ಸಿನಿಮಾ. ಅದರಲ್ಲಿ "ನಂಬಿದೆ ನಿನ್ನ ನಾದ ದೇವತೆಯೇ" ಭೀಮಸೇನ ಜೋಶಿಯವರ ದನಿಯಲ್ಲೂ ಇದೆ, ಬಾಲಮುರಳಿಕೃಷ್ಣ ಅವರ ದನಿಯಲ್ಲೂ ಇದೆ. ಸಾಲು ಅದೇ, ಪದ್ಧತಿ ಎರಡು. ಹಿಂದೂಸ್ತಾನಿ ಅಂದರೇನು, ಕರ್ನಾಟಕ ಸಂಗೀತ ಅಂದರೇನು ಅಂತ ಗಂಟೆಗಟ್ಟಲೆ ಹೇಳೋ ಬದಲು ಇವೆರಡನ್ನು ಒಂದರ ಹಿಂದೆ ಒಂದು ಕೇಳಿಸಿ. ಒಬ್ಬರು ಸ್ವರದ ಮೇಲೆ ನಿಲ್ಲುವ ರೀತಿಗೂ ಇನ್ನೊಬ್ಬರು ಅದನ್ನು ಆಡಿಸುವ ರೀತಿಗೂ ಇರುವ ವ್ಯತ್ಯಾಸ ಸಂಗೀತ ಕಲಿಯದವರಿಗೂ ತಿಳಿಯುತ್ತದೆ.

ಟಾಕೀಸಿನ ನೆನಪುಗಳನ್ನು ತಡೆಯೋಕೆ ಹೋಗಬೇಡಿ, ಅವಕ್ಕೂ ಜಾಗ ಬೇಕು. ಕೊನೆಗೆ ಕಾಫಿ ಹೊತ್ತಿಗೆ ಇಟ್ಟುಕೊಳ್ಳಿ. ಮೊದಲೇ ಬಿಟ್ಟರೆ ಹಾಡು ಕೇಳೋ ಟೈಮೇ ಉಳಿಯಲ್ಲ.

ಧಾರವಾಡದಿಂದ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ರಾಗದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಾನು ಹಿಂದೂಸ್ತಾನಿ ಕಲಿತವನು, ಹಿರಿಯರ ಗುಂಪಿನಲ್ಲಿ ಆಗಾಗ ಮಾತಾಡುತ್ತೇನೆ. ಆರೋಹಣ ಅವರೋಹಣ, ಅಂದರೆ ರಾಗದ ಸ್ವರಗಳು ಏರುವ ಇಳಿಯುವ ಕ್ರಮ, ಬೋರ್ಡ್ ಮೇಲೆ ಬರೆದರೆ ಜನ ಪೆನ್ನು ತೆಗೆದು ಬರೆದುಕೊಳ್ಳೋಕೆ ಶುರು ಮಾಡುತ್ತಾರೆ, ಕೇಳೋದು ನಿಂತುಹೋಗುತ್ತದೆ. ರಾಗದ ಹೆಸರು ಕೊನೆಗೆ ಹೇಳಿ. "ನಾದಮಯ ಈ ಲೋಕವೆಲ್ಲಾ" ಹಾಕಿ. 1992ರ ಜೀವನ ಚೈತ್ರ, ಉಪೇಂದ್ರ ಕುಮಾರ್ ಸಂಗೀತ, ರಾಜ್‌ಕುಮಾರ್ ಅವರಿಗೆ ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದ ಹಾಡು. ಅದು ತೋಡಿ ರಾಗದಲ್ಲಿದೆ ಅಂತ ಆಗ ಹೇಳಬೇಡಿ. ಹಾಡು ಮುಗಿದ ಮೇಲೆ ಯಾರಾದರೂ ದೊಡ್ಡ ಗಾಯಕರ ತೋಡಿ ಆಲಾಪ ಒಂದೈದು ನಿಮಿಷ ಹಾಕಿ, ಏನಾದರೂ ಹೊಂದಿಕೆ ಆಗುತ್ತಾ ಅಂತ ಕೇಳಿ. ಯಾರೋ ಒಬ್ಬರು ಗುನುಗಿ ತೋರಿಸುತ್ತಾರೆ. ಆಗ ಹೆಸರು ಹೇಳಿದರೆ ಮರೆಯೋದಿಲ್ಲ. ಹಾಗಂತ ಸಿನಿಮಾ ಹಾಡನ್ನು ಶಾಸ್ತ್ರೀಯಕ್ಕೆ ಹೋಗುವ ಮೆಟ್ಟಿಲು ಅಂತ ಮಾತ್ರ ಮಾಡಬೇಡಿ. ಮೂರೂವರೆ ನಿಮಿಷದಲ್ಲಿ ಒಂದು ಸಂದರ್ಭ, ಒಂದು ಪಾತ್ರ, ಒಂದು ಭಾವ ಇಷ್ಟನ್ನೂ ಹಿಡಿಯೋದು ಬೇರೆಯೇ ವಿದ್ಯೆ. ಅದಕ್ಕೆ ಅದರದೇ ಮರ್ಯಾದೆ ಕೊಡಬೇಕು.

ಇಂಗ್ಲೆಂಡಿನಿಂದ:

ನಮ್ಮ ಊರಲ್ಲಿ ಯು-ತ್ರೀ-ಎ ಅಂತ ಇದೆ, ಯೂನಿವರ್ಸಿಟಿ ಆಫ್ ದ ಥರ್ಡ್ ಏಜ್. 1973ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಶುರುವಾದದ್ದು, ಬ್ರಿಟನ್ನಿಗೆ 1982ರಲ್ಲಿ ಬಂತು. ಇಲ್ಲಿ ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ, ಸಂಬಳದ ಮೇಷ್ಟ್ರೂ ಇಲ್ಲ. ಸದಸ್ಯರೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಪಾಪ್ ಸಂಗೀತದ ಗುಂಪಿನಲ್ಲಿ ಸರದಿ ಪ್ರಕಾರ ಒಬ್ಬೊಬ್ಬರು ಒಂದು ಹಾಡು ತಂದು, ಏನು ಕೇಳಬೇಕು ಅಂತ ಎರಡು ಮಾತು ಹೇಳಿ ಹಾಕುತ್ತಾರೆ. ಅಕ್ಕಾ, ಎಲ್ಲಾ ಭಾರ ನೀವೇ ಹೊರಬೇಡಿ, ಈ ಸರದಿ ಪದ್ಧತಿ ತನ್ನಿ.

ನಮ್ಮತ್ತೆ ದಾವಣಗೆರೆಯಿಂದ ಬಂದಿದ್ದಾಗ ಅಲ್ಲಿಗೆ ಕರೆದುಕೊಂಡು ಹೋದೆ. ಅವರು ಗೆಜ್ಜೆ ಪೂಜೆಯ "ಗಗನವು ಎಲ್ಲೋ ಭೂಮಿಯು ಎಲ್ಲೋ" ಹಾಕಿಸಿದರು. ಒಂದಕ್ಷರ ಕನ್ನಡ ಬಾರದ ಒಬ್ಬ ಅಜ್ಜಿ ಎಸ್. ಜಾನಕಿ ದನಿ ಕೇಳಿ, ಈ ಹುಡುಗಿಗೆ ಏನೋ ಒಳ್ಳೇದಾಗಿದೆ ಅಲ್ವಾ ಅಂತ ಕೇಳಿದರು. ಹೌದು, ನೆಲದ ಮೇಲೆ ಕಾಲು ನಿಲ್ಲದಷ್ಟು ಖುಷಿಯ ಹಾಡು ಅದು. ಅರ್ಥ ಗೊತ್ತಿಲ್ಲದವರ ಮುಂದೆ ನಮ್ಮ ಹಾಡು ಹಾಕಿ ನೋಡಿ, ನಾವು ಸಾಹಿತ್ಯದ ಆಸರೆಯಲ್ಲಿ ಗಮನಿಸದೇ ಬಿಟ್ಟದ್ದನ್ನು ಅವರು ಹೇಳುತ್ತಾರೆ. ನಿಮ್ಮ ಬಡಾವಣೆಯಲ್ಲಿ ಬೇರೆ ಭಾಷೆಯವರು ಇದ್ದರೆ ಖಂಡಿತ ಕರೆಯಿರಿ.

ಮಂಗಳೂರಿನಿಂದ:

ಚಿಕ್ಕ ವಿಷಯ, ಆದರೆ ಮುಖ್ಯ. ವಯಸ್ಸಾದಂತೆ ಮೊದಲು ಕಡಿಮೆಯಾಗೋದು ಮೇಲಿನ ಸ್ಥಾಯಿಯ ಸೂಕ್ಷ್ಮ ಸದ್ದುಗಳು. ಟಿವಿ ಸ್ಪೀಕರ್, ಮೊಬೈಲ್ ಸಾಲೋದಿಲ್ಲ. ಎರಡು ಸಾಧಾರಣ ಸ್ಪೀಕರ್ ಆದರೂ ಸರಿ, ಕಿವಿಮಟ್ಟಕ್ಕೆ ಇಡಿ. ವಾಲ್ಯೂಮ್ ಏರಿಸಿದರೆ ಸ್ಪಷ್ಟ ಆಗಲ್ಲ, ಕಿರಿಕಿರಿ ಆಗುತ್ತದೆ ಅಷ್ಟೇ. ಫ್ಯಾನ್ ಆಫ್ ಮಾಡಿ. ನಮ್ಮಪ್ಪ ಶ್ರವಣ ಯಂತ್ರ ಹಾಕುತ್ತಾರೆ. ಅದನ್ನು ಮಾತು ಕೇಳಿಸಲೆಂದೇ ಹೊಂದಿಸಿರುತ್ತಾರೆ, ಹಾಗಾಗಿ ಕೊಳಲು, ವಯೊಲಿನ್ನಿನ ಉದ್ದ ಸ್ವರಗಳು ನಡುಗಿದ ಹಾಗೆ ಕೇಳಿಸುತ್ತಿದ್ದವು. ಕಿವಿ ಪರೀಕ್ಷೆ ಮಾಡುವವರ ಹತ್ತಿರ ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಸಿದ ಮೇಲೆ ಅಪ್ಪ ಮತ್ತೆ ರೇಡಿಯೋ ಪಕ್ಕ ಕೂರೋಕೆ ಶುರು ಮಾಡಿದರು. ಬಹಳ ಜನರಿಗೆ ಈ ಸೌಲಭ್ಯ ಇರೋದೇ ಗೊತ್ತಿಲ್ಲ. ಸಾಹಿತ್ಯದ ಹಾಳೆ ಕೊಡೋದಾದರೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ.

ಶಿವಮೊಗ್ಗದಿಂದ:

ಎಲ್ಲರೂ ಹಳೇ ಹಾಡುಗಳನ್ನೇ ಹೇಳಿದ್ದೀರಿ. ದಯವಿಟ್ಟು ಅಲ್ಲೇ ನಿಲ್ಲಬೇಡಿ. 1987ರ ಪ್ರೇಮಲೋಕ ಹಾಕಿ, ಅದರಲ್ಲಿ ಸಾಹಿತ್ಯ ಸಂಗೀತ ಎರಡೂ ಹಂಸಲೇಖ ಅವರದೇ. ಆಡುಮಾತು ಹೇಗೆ ತಾಳಕ್ಕೆ ಕೂರುತ್ತದೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಪಾಠ ನನಗೆ ಸಿಕ್ಕಿಲ್ಲ. 2006ರ ಮುಂಗಾರು ಮಳೆಯ "ಅನಿಸುತಿದೆ ಯಾಕೋ ಇಂದು" ಹಾಕಿ. ಜಯಂತ ಕಾಯ್ಕಿಣಿ ಪದಗಳನ್ನು ಮೊದಲು ಒಬ್ಬರು ಗಟ್ಟಿಯಾಗಿ ಓದಲಿ, ಆಮೇಲೆ ಮನೋಮೂರ್ತಿ ಸಂಗೀತದಲ್ಲಿ ಕೇಳಿ. ಓದುವಾಗ ಬಂದ ಒತ್ತು ಹಾಡಿನಲ್ಲಿ ಎಲ್ಲಿ ಬದಲಾಯಿತು ಅಂತ ಹುಡುಕಿ. ಇದೇ ಆಟವನ್ನು 1967ರ ಬೆಳ್ಳಿಮೋಡಕ್ಕೂ ಆಡಬಹುದು, ಬೇಂದ್ರೆಯವರ "ಮೂಡಲ ಮನೆಯ" ಪದ್ಯ ಅಲ್ಲಿ ಸಿನಿಮಾ ಹಾಡಾಗಿದೆ. ನಮ್ಮೂರಿನ ಸುಬ್ಬಣ್ಣ ಅವರ "ಕಾಡು ಕುದುರೆ ಓಡಿ ಬಂದಿತ್ತಾ" ಅಂತೂ ಬಿಡಲೇಬೇಡಿ. ಕಂಬಾರರ ಪದ್ಯ, 1978ರ ರಾಷ್ಟ್ರಪ್ರಶಸ್ತಿ ಬಂದ ಹಾಡು. ಆ ಕುದುರೆಯ ಓಟ ತಾಳದಲ್ಲಿದೆಯೋ, ಪದಗಳಲ್ಲಿದೆಯೋ, ಸುಬ್ಬಣ್ಣ ಅವರ ಕಂಠದಲ್ಲಿದೆಯೋ ಅಂತ ಗುಂಪನ್ನು ಕೇಳಿ. ನಮ್ಮಲ್ಲಿ ಇನ್ನೂ ತೀರ್ಮಾನ ಆಗಿಲ್ಲ, ನಿಮ್ಮವರು ಏನಂದರು ಅಂತ ಇಲ್ಲಿ ಬಂದು ಹೇಳಿ.